ಕಿವಿಗಿಂತ ಓಲೆ ಭಾರವಾಗದಿರಲಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುವರ್ಗದ ಕಿರಿಯರಲ್ಲಿಯೂ ಅನೇಕರು ಈಗ ಜಿಮ್‌ಗೆ ಹೋಗುತ್ತಾರೆ. ಸಂತೋಷದ ಸಂಗತಿ. ಆದರೆ ಅಲ್ಲಿ ಧರಿಸಲು ಯಾವ ಹೆಡ್‌ಫೋನ್ ಕೊಳ್ಳಬೇಕೆಂಬ ಚರ್ಚೆ ಎದ್ದಾಗ ಅವರಿಂದ ಕೇಳಿಬರುವ ಪ್ರಶ್ನೆಗಳು ಮೂರೇ: ಬೇಸ್ ಎಷ್ಟಿದೆ, ಬೆಲೆ ಎಷ್ಟು, ಕಂಪನಿ ಯಾವುದು? ಕಿವಿಯೆಂಬ ಅಂಗದ ಪ್ರಸ್ತಾಪವೇ ಇಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಕಿವಿಗೂ ಅನ್ವಯಿಸಬೇಕಾದ ಕಾಲ ಬಂದಿದೆ. ಈ ಆಯ್ಕೆಯ ಕ್ರಮವೇ ತಪ್ಪೆಂದೂ, ಆ ತಪ್ಪಿನಲ್ಲಿ ಜಿಮ್ ನಡೆಸುವವರ ಪಾಲು ದೊಡ್ಡದೆಂದೂ ಇಲ್ಲಿ ವಾದಿಸಬಯಸುತ್ತೇನೆ.

ಸಂಗೀತದ ಮೇಲೆ ನನಗೆ ಹಗೆಯಿಲ್ಲ. ಲಯವುಳ್ಳ ಸಂಗೀತವು ಹದವಾದ ವ್ಯಾಯಾಮದಲ್ಲಿ ಆಯಾಸದ ಅನುಭವವನ್ನು ತಗ್ಗಿಸುತ್ತದೆಂಬುದನ್ನು ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ಅವರಂತಹ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ.ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಕಬ್ಬಿಣಕ್ಕೂ ಕಲೆಗೂ ವೈರವಿಲ್ಲ. ನನ್ನ ತಕರಾರು ಸಂಗೀತದೊಡನೆ ಅಲ್ಲ, ಅದರ ಮಟ್ಟದೊಡನೆ.

ಕರಿಹಲಗೆಯ ಮೇಲೆ ಬರೆಯುತ್ತಿದ್ದ ಕಿವಿಯ ಚಿತ್ರವನ್ನು ಸ್ಮರಿಸಿಕೊಳ್ಳಿ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ. ಅದರೊಳಗೆ ಸುಮಾರು 15,000 ರೋಮಕೋಶಗಳು. ಇಡೀ ಬದುಕಿಗೆ ನಮಗಿರುವ ಬಂಡವಾಳ ಅಷ್ಟೇ. ದಣಿದ ಸ್ನಾಯು ವಿಶ್ರಾಂತಿಯ ನಂತರ ಮೊದಲಿಗಿಂತ ಬಲಗೊಳ್ಳುತ್ತದೆ. ವ್ಯಾಯಾಮದ ತತ್ತ್ವವೇ ಅದು. ರೋಮಕೋಶದ ಸ್ವಭಾವ ಹಾಗಲ್ಲ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ತೋಳನ್ನು ಬೆಳೆಸಲು ಹೋದ ಸ್ಥಳದಲ್ಲಿಯೇ ಕಿವಿಯನ್ನು ಸವೆಸಿಕೊಂಡು ಬರುವುದು ಯಾವ ಆರೋಗ್ಯ?

ಇದು ಮುದುಕನ ಗೊಣಗಾಟವೆಂದು ತಳ್ಳಿಹಾಕುವವರಿಗಾಗಿ ಲೆಕ್ಕವನ್ನೇ ಮುಂದಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಜೊತೆಗೂಡಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ವಯಸ್ಕರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಆಲಿಸಬಹುದು. ಮಕ್ಕಳಿಗೆ ಈ ಮಟ್ಟ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಶಬ್ದಶಕ್ತಿ ಇಮ್ಮಡಿಯಾಗುವುದರಿಂದ ಕಾಲಾವಧಿ ಅರ್ಧವಾಗಬೇಕು. ಹಾಗಾದರೆ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ, 95ಕ್ಕೆ ಒಂದೂಕಾಲು ಗಂಟೆ. ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಆರು ದಿನ ಜಿಮ್‌ಗೆ ಹೋಗುವವನು 89 ಡೆಸಿಬಲ್‌ನಲ್ಲಿ ಆಲಿಸಿದರೆ ಶುಕ್ರವಾರಕ್ಕೆ ಅವನ ವಾರದ ಪಾಲು ಮುಗಿಯಿತು. 95ರಲ್ಲಿ ಆಲಿಸಿದರೆ ಮಂಗಳವಾರ ಕಾಲು ಗಂಟೆಯೊಳಗೇ ಮುಗಿಯಿತು! ಪ್ರಯಾಣದಲ್ಲಿ, ಮನೆಯಲ್ಲಿ ಆಲಿಸುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನು ಜಿಮ್ ನಡೆಸುವವರ ಮಾತು. ಗೋಡೆಯ ಮೂಲೆ ಮೂಲೆಗಳಲ್ಲಿ ಧ್ವನಿವರ್ಧಕಗಳನ್ನಿಟ್ಟು ಅಬ್ಬರದ ಹಾಡುಗಳನ್ನು ಹಚ್ಚುತ್ತಾರೆ. ಆ ಹಾಡು ಬೇಡವಾದವನು ತನ್ನ ಹಾಡನ್ನು ಕೇಳಲು ಹೆಡ್‌ಫೋನ್ ಧರಿಸುತ್ತಾನೆ. ಹೊರಗಿನ ಅಬ್ಬರವನ್ನು ಮೀರಲು ತನ್ನ ಧ್ವನಿಯನ್ನು ಮತ್ತಷ್ಟು ಏರಿಸುತ್ತಾನೆ. ಸಂತೆಯಲ್ಲಿ ಒಬ್ಬ ಕೂಗಿದನೆಂದು ಮತ್ತೊಬ್ಬ ಇನ್ನೂ ಜೋರಾಗಿ ಕೂಗಿದಂತಾಯಿತು. ಭಾರತ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಣಿಜ್ಯ ಪ್ರದೇಶದ ಹಗಲಿನ ಮಿತಿ 65 ಡೆಸಿಬಲ್. ಬೀದಿಗೆ ಮಿತಿಯುಂಟು, ಹಣ ಕೊಟ್ಟು ಆರೋಗ್ಯಕ್ಕಾಗಿ ಒಳಗೆ ಬಂದವನ ಕಿವಿಗೆ ಮಿತಿ ಬೇಡವೇ? “ಗದ್ದಲವಿಲ್ಲದಿದ್ದರೆ ಹುರುಪು ಬರುವುದಿಲ್ಲ” ಎಂಬುದು ಅವರ ಸಮರ್ಥನೆ. ಹುರುಪನ್ನು ಕೊಡುವುದು ಲಯ. ಲಯ ತಗ್ಗಿದ ದನಿಯಲ್ಲಿಯೂ ಲಯವೇ. ನಮ್ಮ ಗರಡಿಮನೆಗಳ ಪೈಲ್ವಾನರು ಯಾವ ಧ್ವನಿವರ್ಧಕದ ಬಲದಿಂದ ಸಾಮು ಮಾಡಿದರು?

ಹಾಗಾದರೆ ಆಯ್ಕೆಯ ಸರಿಯಾದ ಕ್ರಮವೇನು? ಮೊದಲ ಪ್ರಶ್ನೆ ಇದಾಗಿರಲಿ: ಯಾವುದನ್ನು ಧರಿಸಿದರೆ ಅತಿ ಕಡಿಮೆ ಧ್ವನಿಯಲ್ಲಿ ಹಾಡು ಸ್ಪಷ್ಟವಾಗಿ ಕೇಳಿಸುತ್ತದೆ? ಕಿವಿಯ ನಾಳಕ್ಕೆ ಬಿಗಿಯಾಗಿ ಹೊಂದುವ ಸಿಲಿಕಾನ್ ತುದಿಯ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ಧ್ವನಿಯನ್ನು ತಗ್ಗಿಸಲು ಸಾಧ್ಯ. ಡಬ್ಬಿಯಲ್ಲಿ ಬರುವ ಎಲ್ಲ ಅಳತೆಯ ತುದಿಗಳನ್ನೂ ಹಾಕಿ ನೋಡಿ. ಎಡ-ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗಬಹುದು. ನಾಯ್ಸ್ ಕ್ಯಾನ್ಸಲೇಷನ್ ಎಂಬ ಸೌಲಭ್ಯ ಟ್ರೆಡ್‌ಮಿಲ್ಲಿನ ಗುಂಯ್‌ಗುಡುವಿಕೆಯಂತಹ ಏಕಪ್ರಕಾರದ ತಗ್ಗು ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಕಬ್ಬಿಣದ ತಟ್ಟೆ ಬಿದ್ದ ಠಣತ್ಕಾರವನ್ನು ಅಷ್ಟಾಗಿ ಅಡಗಿಸದು.

ಮೂಳೆಯ ಮೂಲಕ ಶಬ್ದ ಸಾಗಿಸುವ ಹೆಡ್‌ಫೋನ್ ಕಿವಿಗೆ ನಿರಪಾಯವೆಂಬ ನಂಬಿಕೆ ಹಬ್ಬಿದೆ. ಅದನ್ನು ಒಪ್ಪಲಾರೆ. ಮೂಳೆಯಿಂದ ಹೋದ ಕಂಪನವೂ ತಲುಪುವುದು ಅದೇ ಕಾಕ್ಲಿಯಾವನ್ನು. ವಾಹನದ ಸದ್ದು ಕೇಳಿಸಲೇಬೇಕಾದ ರಸ್ತೆಯ ಓಟಕ್ಕೆ ಅದು ಉತ್ತಮ. ಆದರೆ ಗದ್ದಲದ ಜಿಮ್‌ನಲ್ಲಿ ಕಿವಿ ತೆರೆದೇ ಇರುವುದರಿಂದ ಧ್ವನಿ ಏರಿಸುವ ಚಪಲವೇ ಹೆಚ್ಚು. ಭಾರ ಎತ್ತುವವರು ಮಾತ್ರ ಹೊರಗಿನ ಧ್ವನಿಯನ್ನು ಒಳಬಿಡುವ ವ್ಯವಸ್ಥೆಯನ್ನು ಬಳಸಲಿ, ಇಲ್ಲವೇ ಒಂದು ಕಿವಿಯನ್ನು ಬರಿದಾಗಿಡಲಿ. ಪಕ್ಕದವನ “ಹುಷಾರ್” ಎಂಬ ಕೂಗು ಯಾವ ಹಾಡಿಗಿಂತಲೂ ಮುಖ್ಯ.

ಎರಡನೆಯದು ಬೆವರು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದಲೂ ಸಿಡಿಯುವ ನೀರನ್ನು ತಾಳುವುದು. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುವುದು. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಬೆವರಿನಲ್ಲಿ ಉಪ್ಪಿದೆ. ಆದ್ದರಿಂದ ಪ್ರತಿಬಾರಿಯೂ ಒರೆಸಿಡಿ. ಒದ್ದೆ ಕಿವಿಯನ್ನು ಬಹುಕಾಲ ಮುಚ್ಚಿಟ್ಟರೆ ಶಿಲೀಂಧ್ರದ ಸೋಂಕಿಗೆ ಎಡೆಯಾಗುತ್ತದೆ. ಕರಾವಳಿಯ ಸೆಕೆಯಲ್ಲಿರುವವರು ವಿಶೇಷವಾಗಿ ಗಮನಿಸಿ. ಸ್ನೇಹವೆಷ್ಟೇ ಗಾಢವಾಗಿದ್ದರೂ ಇಯರ್‌ಫೋನನ್ನು ಹಂಚಿಕೊಳ್ಳಬೇಡಿ.

ಬೆಲೆಯ ಪ್ರಶ್ನೆ ಕೊನೆಯದು. ತಂತಿಯಿಲ್ಲದ ಇಯರ್‌ಫೋನಿನ ಪುಟ್ಟ ಬ್ಯಾಟರಿ ಬಳಸಿದಂತೆಲ್ಲ ಸವೆಯುತ್ತದೆ; ಹೆಚ್ಚಿನವುಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ದುಬಾರಿಯದಾದರೂ ಇದೇ ಗತಿ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ.

ನನ್ನ ಕೋರಿಕೆ ಎರಡು. ಫೋನಿನ ಧ್ವನಿಯನ್ನು ಶೇ 60ರ ಆಚೆಗೆ ಏರಿಸಬೇಡಿ. ಅಷ್ಟರಲ್ಲಿ ಕೇಳಿಸದಿದ್ದರೆ ದೋಷ ಹೆಡ್‌ಫೋನಿನದಲ್ಲ, ಆ ಸ್ಥಳದ್ದು ಎಂದು ತಿಳಿಯಿರಿ. ಎರಡನೆಯದಾಗಿ, ನಾಲ್ಕು ಜನ ಸೇರಿ ಜಿಮ್‌ನ ಮಾಲೀಕರ ಬಳಿ ಹೋಗಿ ಧ್ವನಿವರ್ಧಕ ತಗ್ಗಿಸಿರೆಂದು ವಿನಯದಿಂದ, ಆದರೆ ದೃಢವಾಗಿ ಕೇಳಿ. ಶುಲ್ಕ ಕೊಡುವವರು ನೀವು. ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಿರೆಂದು ನಿಮಗೆ ಹೇಳುತ್ತಿದ್ದುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಆಗಿರಲಿಲ್ಲ.