ಅಡತಿ ಪಟ್ಟಿ ಓದಲು ಬಾರದ ಬಿಬಿಎ

ದ್ವಿತೀಯ ಪಿಯು ಫಲಿತಾಂಶ ಬಂದ ವಾರದಲ್ಲೇ ಗದಗ ಜಿಲ್ಲೆಯ ನರೇಗಲ್ ಸುತ್ತಲಿನ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ: ಬಿಕಾಂ, ಬಿಬಿಎ ಮಾಡಿದರೆ ನೌಕರಿ ಸಿಕ್ಕೀತೇ? ಸರ್ಕಾರಿ ವಿಶ್ವವಿದ್ಯಾಲಯದ ಪದವಿಗೆ ಬೆಲೆಯಿಲ್ಲ, ಸಾಲ ಮಾಡಿಯಾದರೂ ಬೆಂಗಳೂರಿನ ಖಾಸಗಿ ಕಾಲೇಜಿಗೆ ಕಳಿಸಿ ಎನ್ನುವವರಿಗೂ ಕೊರತೆಯಿಲ್ಲ. ಈ ಸಲಹೆ ಅರ್ಧಸತ್ಯ.

ನರೇಗಲ್, ರೋಣ, ಗಜೇಂದ್ರಗಡದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಸರ್ಕಾರಿ ಕಾಲೇಜಿನ ಶುಲ್ಕ ರೈತಾಪಿ ಕುಟುಂಬದ ಕೈಗೆಟುಕುವಂಥದ್ದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ತೊಡಕಿರುವುದು ಪಠ್ಯದಲ್ಲಿ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು, 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಅದೇ ವರ್ಷ ಬಿಬಿಎ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆಯ ವ್ಯಾಪ್ತಿಗೂ ಬಂತು. ಚೌಕಟ್ಟು ಇಷ್ಟೆಲ್ಲ ಬದಲಾದರೂ ತರಗತಿಗೂ ಪೇಟೆಗೂ ನಡುವಿನ ಅಂತರ ತಗ್ಗಲಿಲ್ಲ.

ಹೆಸರು, ಕಡಲೆ, ಒಣಮೆಣಸಿನಕಾಯಿ ಮಾರಿ ಬಂದ ತಂದೆಯ ಕೈಯಲ್ಲಿ ಅಡತಿ ಅಂಗಡಿಯ ಪಟ್ಟಿ ಇರುತ್ತದೆ. ಅದರಲ್ಲಿ ಚೀಲ, ತೂಕ, ಕ್ವಿಂಟಲ್ ದರ, ಹಮಾಲಿ, ಮುಂಗಡದ ಕಡಿತ ಎಲ್ಲವೂ ಇವೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದ ಮಗ ಆ ಪಟ್ಟಿಯನ್ನೂ ಬೇಸಾಯದ ಖರ್ಚನ್ನೂ ಜೋಡಿಸಿ, ಈ ಬೆಳೆಯಲ್ಲಿ ಎಕರೆಗೆ ಎಷ್ಟು ಉಳಿಯಿತೆಂದು ಹೇಳಲಾರ. ಅವನಿಗೆ ಅದನ್ನು ಯಾರೂ ಕಲಿಸಿಲ್ಲ.

ಹಾಗೆಂದು ಈ ನೆಲಕ್ಕೆ ವಾಣಿಜ್ಯ ಹೊಸದಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಅಂಥ ಸಂಘಗಳನ್ನು ಗಣಕೀಕರಿಸುವ ಕೇಂದ್ರದ ಯೋಜನೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಯಂತ್ರ ಬಂದರೆ ಸಾಲದು, ಲೆಕ್ಕ ಬಲ್ಲವರೂ ಬೇಕು. ಅಂಥವರ ಸಂಬಳಕ್ಕೂ ದಾರಿಯಿದೆ: ಕೇಂದ್ರದ 2020ರ ರೈತ ಉತ್ಪಾದಕರ ಸಂಸ್ಥೆಗಳ ಯೋಜನೆಯಡಿ ಪ್ರತಿ ಸಂಸ್ಥೆಯ ನಿರ್ವಹಣೆಗೆ ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ ನೆರವಿದೆ. ಸಿಇಒಗೆ ತಿಂಗಳಿಗೆ 25,000, ಲೆಕ್ಕಿಗನಿಗೆ 10,000 ರೂಪಾಯಿವರೆಗೆ ಸಂಬಳ ಅದರಲ್ಲೇ ಸೇರಿದೆ. ಸಿಇಒ ಹುದ್ದೆಗೆ ಬಿಬಿಎ ಪದವೀಧರರೂ ಅರ್ಹರು.

ಇದರಲ್ಲಿ ಉತ್ಪ್ರೇಕ್ಷೆ ಬೇಡ. ನೆರವು ನಿಂತ ಮೇಲೆ ಸಂಸ್ಥೆ ತನ್ನ ವ್ಯವಹಾರದಿಂದಲೇ ಸಂಬಳ ಕೊಡಬೇಕು. ಎಲ್ಲ ಪದವೀಧರರಿಗೂ ಊರಲ್ಲೇ ಕೆಲಸ ಸಿಗದು. ಬ್ಯಾಂಕ್ ಪರೀಕ್ಷೆ, ಹುಬ್ಬಳ್ಳಿಯ ಲೆಕ್ಕಪರಿಶೋಧಕರ ಕಚೇರಿ, ಎಂಬಿಎ ದಾರಿಗಳೂ ತೆರೆದಿರಲಿ. ಮುಂದೆ ಓದುವವರಿಗೆ ಗದಗದ ನಾಗಾವಿಯಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಆದರೆ ಎಲ್ಲಿಗೆ ಹೋದರೂ ಕೇಳುವುದು ಜಿಎಸ್‌ಟಿ ರಿಟರ್ನ್ ತುಂಬಿದ, ದಾಸ್ತಾನು ಲೆಕ್ಕ ಬರೆದ, ಗ್ರಾಹಕರೊಂದಿಗೆ ಮಾತಾಡಿದ ಅನುಭವವನ್ನೇ. ಪದವಿ ಪಡೆದೂ ಆರು ತಿಂಗಳು ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ಯೋಜನೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಅದು ಆಸರೆಯೇ ಹೊರತು ಅನುಭವವಲ್ಲ.

ಆದ್ದರಿಂದ ಕರ್ನಾಟಕ ವಿಶ್ವವಿದ್ಯಾಲಯ ಬಿಕಾಂ, ಬಿಬಿಎ ಕೊನೆಯ ವರ್ಷದ ಒಂದು ಸೆಮಿಸ್ಟರನ್ನು ಪೂರ್ತಿ ಕೆಲಸದ ಸ್ಥಳಕ್ಕೆ ಮೀಸಲಿಡಬೇಕು: ಎಪಿಎಂಸಿ, ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆ, ಗಜೇಂದ್ರಗಡದ ನೇಕಾರರ ಸೀರೆ ವ್ಯಾಪಾರ. ಅಲ್ಲಿನ ಲೆಕ್ಕದ ಪುಸ್ತಕವೇ ಪರೀಕ್ಷೆಯ ಉತ್ತರಪತ್ರಿಕೆಯಾಗಲಿ, ಅದಕ್ಕೆ ಅಂಕವೂ ಸಿಗಲಿ. ಪಾಲಕರೂ ಕಾಲೇಜು ಆರಿಸುವಾಗ ಕಟ್ಟಡ ನೋಡುವ ಬದಲು, ಮಕ್ಕಳಿಗೆ ಅಲ್ಲಿ ಏನು ಮಾಡಿ ಕಲಿಸುತ್ತಾರೆಂದು ಕೇಳಬೇಕು.