‘ಒಂದ್ಸಲ ರಿಫ್ರೆಶ್ ಮಾಡಿ’ ಅನ್ನುವವರಿಗೆ

ಮಾರತ್ತಹಳ್ಳಿ ಸೇತುವೆಯ ಆಸುಪಾಸಿನಲ್ಲಿ ಪಿ.ಜಿ.ಗಳ ಬೋರ್ಡು ಎಷ್ಟಿವೆಯೋ ಸಾಫ್ಟ್‌ವೇರ್ ತರಬೇತಿಯ ಬೋರ್ಡುಗಳೂ ಅಷ್ಟೇ ಇದ್ದಾವು. ಕೆಲವೇ ತಿಂಗಳಲ್ಲಿ ರಿಯಾಕ್ಟ್ ಕಲಿಸುತ್ತೇವೆ ಅನ್ನುತ್ತಾರೆ, ಕಲಿಸುತ್ತಾರೆ ಕೂಡ. ನಿಮ್ಮ ಕಣ್ಣಿಗೆ ಕಾಣುವ ಪರದೆಯನ್ನು ಕಟ್ಟುವುದು ನನ್ನ ಕೆಲಸ. ಹಾಗಾಗಿ ಅಲ್ಲಿ ಕಲಿತು ಬಂದವರ ಕೋಡ್ ಓದುವುದು ನನ್ನ ದಿನಚರಿ. ಹುಡುಗರು ಬುದ್ಧಿವಂತರು. ನನ್ನ ತಕರಾರಿರುವುದು ಅವರಿಗೆ ಕಲಿಸಿದ್ದರ ಮೇಲೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟು, ಆಮೇಲೆ ಎರಡನ್ನೂ ಹೊಂದಿಸಲು ಮೂರನೆಯದೊಂದನ್ನು ಬರೆಯುವುದೇ ಕಸುಬು ಎಂದು ಅವರನ್ನು ನಂಬಿಸಲಾಗಿದೆ.

ಪಿ.ಜಿ.ಯೊಂದರ ಊಟದ ಆ್ಯಪ್ ಅಂದುಕೊಳ್ಳಿ. ರಾತ್ರಿ ಊಟ ಬೇಕೆಂದವರ ಹೆಸರಿನ ಪಟ್ಟಿ ಕೆಳಗೆ, ‘ಒಟ್ಟು 42’ ಎಂಬ ಅಂಕಿ ಮೇಲೆ. ಪಟ್ಟಿ ಇದ್ದ ಮೇಲೆ ಎಣಿಸಿದರಾಯಿತು. ನಮ್ಮ ಹುಡುಗ ಹಾಗೆ ಮಾಡುವುದಿಲ್ಲ. ಪಟ್ಟಿಗೊಂದು ಯೂಸ್‌ಸ್ಟೇಟ್, ಅಂಕಿಗೊಂದು ಯೂಸ್‌ಸ್ಟೇಟ್ ಇಟ್ಟು, ಪಟ್ಟಿ ಬದಲಾದರೆ ಅಂಕಿಯನ್ನೂ ಬದಲಿಸು ಎಂದು ಯೂಸ್‌ಎಫೆಕ್ಟ್ ಒಂದನ್ನು ಕಾವಲಿಗೆ ಕೂರಿಸುತ್ತಾನೆ. ಮುಂದಿನ ತಿಂಗಳು ಇನ್ನೊಬ್ಬಳು ಬಂದು ‘ಅತಿಥಿಗಳು’ ಎಂಬ ಎರಡನೇ ಪಟ್ಟಿ ಸೇರಿಸುತ್ತಾಳೆ, ಕಾವಲುಗಾರನಿಗೆ ತಿಳಿಸಲು ಮರೆಯುತ್ತಾಳೆ. ಅಡುಗೆಯವರು ನೋಡುವುದು ಅಂಕಿಯನ್ನು. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿ ಬಂದವನಿಗೆ ಪಾತ್ರೆ ಖಾಲಿ. ದೂರು ಕೊಟ್ಟರೆ ಸಿಗುವ ಉತ್ತರ: ‘ಒಂದ್ಸಲ ರಿಫ್ರೆಶ್ ಮಾಡಿ ನೋಡಿ ಸಾರ್.’

ರಿಫ್ರೆಶ್ ಮಾಡಿದರೆ ಸರಿಯಾಗುತ್ತದೆ ಎಂದರೆ ಸರಿಯಾದ ಲೆಕ್ಕ ಮೊದಲಿನಿಂದಲೂ ಇತ್ತು, ನಾವು ತೋರಿಸಲಿಲ್ಲ ಎಂದರ್ಥ. ನಮ್ಮ ಕೆಲಸವನ್ನು ಬಳಸುವವರ ಕೈಯಲ್ಲಿ ಬಿಟ್ಟಿಯಾಗಿ ಮಾಡಿಸಿಕೊಳ್ಳುವ ಮಾತು ಅದು. ತಮಾಷೆಯೆಂದರೆ, ಲೆಕ್ಕ ಹಾಕಿ ಪಡೆಯಬಹುದಾದದ್ದಕ್ಕೆ ಎಫೆಕ್ಟ್ ಬಳಸಬೇಡಿ ಎಂದು ರಿಯಾಕ್ಟ್‌ನ ಅಧಿಕೃತ ಕೈಪಿಡಿಯಲ್ಲೇ ಒಂದಿಡೀ ಪುಟವಿದೆ. ಅದನ್ನು ಓದಿಸುವ ಕೋಚಿಂಗ್ ನನಗಿನ್ನೂ ಸಿಕ್ಕಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಫೇಸ್‌ಬುಕ್ ಚಾಟ್‌ನಲ್ಲಿ ಓದದ ಸಂದೇಶವೊಂದಿದೆ ಎಂದು ಅಂಕಿ ತೋರಿಸುತ್ತಿತ್ತು, ಒಳಗೆ ಹೋದರೆ ಏನೂ ಇರುತ್ತಿರಲಿಲ್ಲ. ರಿಪೇರಿ ಮಾಡಿದಷ್ಟು ಸಲವೂ ಅದು ಮರಳಿ ಬಂತು. ರಿಯಾಕ್ಟ್ ಹೊರಬಂದ ಮರುವರ್ಷ, 2014ರಲ್ಲಿ, ಅವರ ಎಂಜಿನಿಯರುಗಳೇ ಇದನ್ನು ಬಹಿರಂಗವಾಗಿ ಹೇಳಿ, ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯುವ ‘ಫ್ಲಕ್ಸ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು.

ಸಾಹಿತ್ಯ ಓದುವವರಿಗೆ ಈ ರೋಗ ಗೊತ್ತು. ನೀವದನ್ನು ಪಾಠಾಂತರ ಅನ್ನುತ್ತೀರಿ. ಒಂದು ಕಾವ್ಯ, ಹತ್ತು ಓಲೆಗರಿ ಪ್ರತಿ, ಒಂದೊಂದರಲ್ಲೂ ಲಿಪಿಕಾರನ ಒಂದೊಂದು ಕೈಚಳಕ. ಸರಿಯಾದ ಪಾಠವನ್ನು ಹುಡುಕುವ ಬಗೆಯನ್ನು ವಿವರಿಸಲು ಡಿ. ಎಲ್. ನರಸಿಂಹಾಚಾರ್ ಗ್ರಂಥಸಂಪಾದನೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಅವರಿಗೆ ಬೇರೆ ದಾರಿಯಿರಲಿಲ್ಲ, ಕವಿಯ ಸ್ವಹಸ್ತ ಪ್ರತಿ ಉಳಿದಿರಲಿಲ್ಲ. ನಾವಾದರೋ ಮೂಲಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು, ಸಂಬಳ ಪಡೆದು, ಪಾಠಾಂತರಗಳನ್ನು ಹುಟ್ಟಿಸುತ್ತಿದ್ದೇವೆ.

ನಮ್ಮ ಕಂದಾಯ ಇಲಾಖೆಗೆ ಇದು ರಿಯಾಕ್ಟ್ ಹುಟ್ಟುವ ಮೊದಲೇ ಅರ್ಥವಾಗಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದಕ್ಕೂ ಮುಂಚೆ ಅವು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಎಲ್ಲರೂ ಕಂಪ್ಯೂಟರನ್ನು ಹೊಗಳಿದರು. ನನಗೆ ಜಾಣತನ ಕಂಡದ್ದು ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಘೋಷಿಸಿದ್ದರಲ್ಲಿ. ಎರಡನೇ ಪ್ರತಿಯನ್ನು ಹೊಂದಿಸುತ್ತ ಕೂರಲಿಲ್ಲ, ರದ್ದು ಮಾಡಿದರು. ಆ ಒಂದೇ ಪ್ರತಿಯಲ್ಲಿ ಹೆಸರು ತಪ್ಪಾಗಿ ಕೂತರೆ ರೈತ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಅಲೆಯಬೇಕು ಎಂಬುದೂ ನಿಜ. ಆದರೆ ತಪ್ಪು ಎಲ್ಲಿದೆ ಎಂದು ಅವನು ಬೆರಳಿಟ್ಟು ತೋರಿಸಬಲ್ಲ. ಎರಡು ಪ್ರತಿಗಳಿದ್ದಾಗ ಅದಕ್ಕೂ ಗತಿಯಿಲ್ಲ.

ನನ್ನ ಸಹೋದ್ಯೋಗಿಗಳ ಆಕ್ಷೇಪವೊಂದಿದೆ, ಅದು ತೂಕದ್ದೇ. ಸರ್ವರ್ ಎಲ್ಲೋ, ಫೋನ್ ಎಲ್ಲೋ, ನಡುವೆ ರಿಂಗ್ ರೋಡಿನ ಬಸ್ಸಿನಲ್ಲಿ ಕೈಕೊಡುವ ನೆಟ್‌ವರ್ಕ್. ಫೋನಿನಲ್ಲೊಂದು ನಕಲು ಇರಲೇಬೇಕಲ್ಲ? ಇರಲಿ. ಬ್ಯಾಂಕಿನ ಪಾಸ್‌ಬುಕ್ ಕೂಡ ನಕಲೇ. ಎಂಟ್ರಿ ಹಾಕಿಸಿದ ದಿನದಿಂದಾಚೆಗೆ ಅದಕ್ಕೇನೂ ಗೊತ್ತಿಲ್ಲ. ಆದರೂ ಪಾಸ್‌ಬುಕ್ ಸುಳ್ಳು ಹೇಳಿತು ಎಂದು ನಮ್ಮ ಅಜ್ಜಿ ಯಾವತ್ತೂ ದೂರಲಿಲ್ಲ, ಸಾಲಿನ ಪಕ್ಕದಲ್ಲಿ ತಾರೀಖು ಇರುತ್ತಿತ್ತು. ನಮ್ಮ ಪರದೆಗಳಲ್ಲಿ ಇಲ್ಲದ್ದು ಆ ತಾರೀಖು. ಸರ್ವರ್ ಒಪ್ಪುವ ಮೊದಲೇ ಹಸಿರು ಟಿಕ್ ತೋರಿಸಿ, ಆಮೇಲೆ ಸದ್ದಿಲ್ಲದೆ ಅಳಿಸುವುದನ್ನು ನಾವು ‘ಆಪ್ಟಿಮಿಸ್ಟಿಕ್ ಅಪ್‌ಡೇಟ್’ ಎಂಬ ಚಂದದ ಹೆಸರಿಟ್ಟು ಕರೆಯುತ್ತೇವೆ. ಒಂದು ‘ಲೈಕ್’ಗೆ ಅದು ನಡೆದೀತು. ದುಡ್ಡಿಗೆ, ಸೀಟಿಗೆ, ಊಟಕ್ಕೆ ನಡೆಯದು.

ಅಂಕಿಯ ಕೆಳಗೆ ‘6.40ರ ಲೆಕ್ಕ’ ಎಂದು ಸಣ್ಣಗೆ ಬರೆಯೋಣ ಅಂದರೆ ಮೀಟಿಂಗಿನಲ್ಲಿ ಬರುವ ಮಾತು ಒಂದೇ: ‘ಹಾಗೆ ಬರೆದರೆ ಡೇಟಾ ಹಳೆಯದು ಅನ್ನಿಸುತ್ತೆ.’ ಹಳೆಯದೇ ತಾನೆ?