ಪಾಯ ತೋಡುವ ಮೊದಲು ನೆಲದ ಅಲೆ ಅಳೆಯಿರಿ

ಬೆಂಗಳೂರಿನ ಉತ್ತರಹಳ್ಳಿಯ ಒಂದು ಮಗ್ಗುಲಿಗೆ ತುರಹಳ್ಳಿ ಕಾಡಿನ ಹೆಬ್ಬಂಡೆಗಳಿವೆ. ಇನ್ನೊಂದು ಮಗ್ಗುಲಿಗೆ ದೊರೆಕೆರೆ, ಸುಬ್ರಹ್ಮಣ್ಯಪುರ ಕೆರೆಗಳ ತಗ್ಗು. ನೆಲವನ್ನು ಅಡ್ಡಡ್ಡ ಅಲುಗಿಸುವ ಕಂಪನದ ಅಲೆ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ. ಹೂಳು, ತುಂಬಿದ ಮಣ್ಣಿನಲ್ಲಿ ಅದರ ವೇಗ 180 ಮೀಟರಿಗೂ ಇಳಿಯಬಹುದು. ವೇಗ ತಗ್ಗಿದಷ್ಟೂ ಅಲೆಯ ಏರಿಳಿತ ಹಿಗ್ಗುತ್ತದೆ, ಮೇಲಿನ ಕಟ್ಟಡ ಹೆಚ್ಚು ತೂಗುತ್ತದೆ. ಫ್ಲ್ಯಾಟ್ ಕೊಳ್ಳುವವರು ಖಾತೆ, ಋಣಭಾರ ಪತ್ರ, ವಾಸ್ತು ಎಲ್ಲವನ್ನೂ ನೋಡುತ್ತಾರೆ. ಅಡಿಯ ನೆಲ ಅಲೆಯನ್ನು ಹೇಗೆ ಒಯ್ಯುತ್ತದೆ ಎಂದು ಹೇಳುವ ಕಾಗದ ಮಾತ್ರ ಅವರ ಕೈಗೆ ಬರುವುದಿಲ್ಲ. ಬಹುಮಹಡಿ ಕಟ್ಟಡಗಳಿಗಾದರೂ ಅದು ಕಡ್ಡಾಯವಾಗಬೇಕು.

ಇದಕ್ಕೆ ಬೇಕಾದ ವಿದ್ಯೆ ನಮ್ಮಲ್ಲೇ ಇದೆ. ಗೌರಿಬಿದನೂರಿನ ಕಂಪನ ಕೇಂದ್ರ 1965ರಿಂದ ದೂರದೇಶಗಳ ಭೂಕಂಪ, ಅಣುಸ್ಫೋಟಗಳ ಅಲೆಗಳನ್ನು ದಾಖಲಿಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಬೆಂಗಳೂರಿನ ಐವತ್ತಕ್ಕೂ ಹೆಚ್ಚು ಕಡೆ ನೆಲದ ಅಲೆವೇಗ ಅಳೆದಿದ್ದಾರೆ. ವಿಧಾನ ಸರಳ: ಲೋಹದ ಹಲಗೆಯ ಮೇಲೆ ಸಮ್ಮಟಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ, ಕಂಪನ ಗ್ರಹಿಸುವ ಜಿಯೋಫೋನ್‌ಗಳಿಗೆ ಆ ಅಲೆ ಯಾವಾಗ ಮುಟ್ಟಿತೆಂದು ನೋಡುವುದು. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಶಬ್ದದ ಅಲೆಯನ್ನು ನಂಬುವ ನಾವು ನೆಲದ ವಿಷಯದಲ್ಲಿ ಹಿಂಜರಿಯಲು ಕಾರಣವಿಲ್ಲ.

ಬೆಂಗಳೂರು ಭೂಕಂಪದ ಭಯ ಕಡಿಮೆಯಿರುವ ಎರಡನೇ ವಲಯದಲ್ಲಿದೆಯಲ್ಲ ಎಂದು ಕೇಳುವವರಿದ್ದಾರೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿ ಅದಕ್ಕಿಂತಲೂ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲಿತ್ತು. ಅಂದು ಬೆಳಗಿನ ಜಾವ ಅಲ್ಲಿ ಸಾವಿರಾರು ಜನ ಸತ್ತರು. ಭೂಕಂಪ ಹತ್ತಿರದಲ್ಲೇ ಆಗಬೇಕೆಂದೂ ಇಲ್ಲ. 1985ರಲ್ಲಿ ಮೆಕ್ಸಿಕೋ ನಗರವನ್ನು ಕೆಡವಿದ ಕಂಪನ ಹುಟ್ಟಿದ್ದು 350 ಕಿಲೋಮೀಟರಿಗೂ ದೂರದಲ್ಲಿ. ಆ ನಗರದ ದೊಡ್ಡ ಭಾಗ ಹಳೆಯ ಸರೋವರದ ತಳದ ಮೇಲಿದೆ. ಮೆದು ಮಣ್ಣು ತನ್ನದೇ ಲಯದಲ್ಲಿ ಅಲುಗಿತು. ಜೋಕಾಲಿಯನ್ನು ಅದರ ಓಲಾಟಕ್ಕೆ ಸರಿಯಾಗಿ ತಳ್ಳಿದಂತೆ ಮಧ್ಯಮ ಎತ್ತರದ ಕಟ್ಟಡಗಳಿಗೆ ಆ ಲಯ ಕೂಡಿಬಂತು, ಹೆಚ್ಚು ಉರುಳಿದ್ದು ಅವೇ. ಬೆಂಗಳೂರಿನ ಅಡಿ ಅಷ್ಟು ಆಳದ ಜೇಡಿಯಿಲ್ಲ, ಬಂಡೆ ಹತ್ತಿರದಲ್ಲೇ ಸಿಗುತ್ತದೆ. ಅಂಥದೇ ಅನಾಹುತ ಇಲ್ಲೂ ಆಗುತ್ತದೆಂದು ಹೆದರಿಸುವುದು ತಪ್ಪು. ಆದರೆ ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ ಕಟ್ಟಿದ ಊರು ಇದು. ಎಲ್ಲಿ ಕೆರೆಯಿತ್ತು, ಎಲ್ಲಿ ರಾಜಕಾಲುವೆ ಹರಿಯುತ್ತಿತ್ತು ಎಂಬುದನ್ನು ಮರೆತು ಇಡೀ ಬಡಾವಣೆಯನ್ನು ಒಂದೇ ನೆಲವೆಂದು ಎಣಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸುತ್ತೇವಲ್ಲ, ಇನ್ನೊಂದು ಖರ್ಚೇಕೆ ಎಂಬ ಬಿಲ್ಡರ್‌ಗಳ ಪ್ರಶ್ನೆ ನ್ಯಾಯವಾದದ್ದೇ. ಬೋರ್ ಬೇಕೇಬೇಕು, ಅಲೆ ಅದಕ್ಕೆ ಬದಲಿಯಲ್ಲ. ಆದರೆ ಬೋರ್ ತಿಳಿಸುವುದು ಆ ಒಂದು ತೂತಿನ ಸಂಗತಿ. ಎರಡು ತೂತುಗಳ ನಡುವೆ ಮುಚ್ಚಿಹೋದ ಕಾಲುವೆಯಿದ್ದರೆ ಅದು ತಪ್ಪಿಹೋಗಬಹುದು. ಅಲೆಯ ಅಳತೆ ಇಡೀ ಸಾಲನ್ನೇ ತೋರಿಸುತ್ತದೆ, ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ವಾಹನಗಳ ಗದ್ದಲ ಅಡ್ಡಿಯೆನ್ನುವುದೂ ಪೂರ್ತಿ ನಿಜವಲ್ಲ. ಆ ಕಂಪನವನ್ನೇ ಬಳಸಿ ನೆಲ ಅಳೆಯುವ ವಿಧಾನವೂ ಇದೆ. ನಕ್ಷೆ ಮಂಜೂರು ಮಾಡುವ ಪಾಲಿಕೆ ಈ ವರದಿಯನ್ನು ಕೇಳಲಿ, ಕೊಳ್ಳುವವರು ನೋಡುವಂತೆ ಪ್ರಕಟಿಸಲಿ. ಅಲ್ಲಿಯವರೆಗೆ ಮುಂಗಡ ಕೊಡುವ ಮೊದಲು ಬಿಲ್ಡರ್‌ಗೆ ನೀವೇ ಕೇಳಿ: ಈ ನೆಲದ ಅಲೆವೇಗ ಎಷ್ಟು?